ಆ ಪದ್ಯ ಅಕ್ಕಮಹಾದೇವಿಯದಲ್ಲ

ಶೇಖರ ಮಾವ: (ಚಿತ್ರ) ‘ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ / ಪೆಣ್ಣಲ್ಲವೆ ಪೊರೆದವಳು / ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು / ಕಣ್ಣು ಕಾಣದ ಗಾವಿಲರು’ ಅಕ್ಕಮಹಾದೇವಿಯ ವಚನ. ಎಲ್ಲರೂ ಹಂಚಿಕೊಳ್ಳಿ 🙏

ಸುಮಾ ಅತ್ತೆ: 🙏🙏

ಮೇಘಾ: ಮಾವ, ಇದು ಅಕ್ಕನ ವಚನ ಅಲ್ಲ. ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ಪದ್ಯ. ಚೆನ್ನಮಲ್ಲಿಕಾರ್ಜುನ ಅನ್ನೋ ಅಂಕಿತ ಎಲ್ಲಿದೆ ನೋಡಿ. ನಾಲ್ಕೂ ಸಾಲಿನ ಮೊದಲ ಪದ ಓದಿ: ಪೆಣ್ಣಲ್ಲವೆ, ಪೆಣ್ಣಲ್ಲವೆ, ಪೆಣ್ಣು, ಕಣ್ಣು. ಎಲ್ಲದರಲ್ಲೂ ಎರಡನೇ ಅಕ್ಷರ ‘ಣ್ಣ’ಕಾರ. ಹೀಗೆ ಆದಿಪ್ರಾಸ ಇಟ್ಟು ಕಟ್ಟಿದ ಸಾಂಗತ್ಯ ಇದು, ಅಂದ್ರೆ ಹಾಡೋಕೆ ಒಗ್ಗೋ ನಾಲ್ಕು ಸಾಲಿನ ಪದ್ಯ. ವಚನಕ್ಕೆ ಇಂಥ ಕಟ್ಟು ಇರಲ್ಲ.

ಶೇಖರ ಮಾವ: ಯಾರು ಬರೆದರೇನಮ್ಮ, ವಿಚಾರ ಒಳ್ಳೇದು ತಾನೇ?

ಮೇಘಾ: ಹಾಗನ್ಬೇಡಿ ಮಾವ. ಅಕ್ಕ 12ನೇ ಶತಮಾನದವಳು, ಮನೆ ಬಿಟ್ಟು ಹೊರಟವಳು. ಹೊನ್ನಮ್ಮ 17ನೇ ಶತಮಾನದಲ್ಲಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದು ಊಳಿಗ ಮಾಡಿದವಳು. ಅಲ್ಲೇ ಇದ್ದುಕೊಂಡು, ಹೆಣ್ಣನ್ನ ಹೀಗಳೆಯೋರನ್ನ ‘ಕಣ್ಣು ಕಾಣದ ಗಾವಿಲರು’, ಅಂದ್ರೆ ಮೂಢರು, ಅಂತ ಬೈದಿದ್ದಾಳೆ. ಅವಳ ಹೆಸರು ಅಳಿಸಿದರೆ ಆ ಧೈರ್ಯಾನೂ ಅಳಿಸಿದ ಹಾಗೆ.

ಪ್ರಕಾಶ ಚಿಕ್ಕಪ್ಪ: ಧೈರ್ಯ ಅಂತೀಯಲ್ಲ, ಪುಸ್ತಕದ ತುಂಬಾ ಗಂಡನ ಮಾತು ಮೀರಬೇಡ ಅಂತಲೇ ಇದೆಯಲ್ಲಮ್ಮ? ಹದಿಬದೆ ಅಂದ್ರೇನೇ ಪತಿವ್ರತೆ.

ಮೇಘಾ: ಹೌದು ಚಿಕ್ಕಪ್ಪ, ಅದನ್ನ ಮುಚ್ಚಿಡಲ್ಲ. ಅವಳನ್ನ ಇವತ್ತಿನ ಹೋರಾಟಗಾರ್ತಿ ಅಂತಾನೂ ಹೇಳ್ತಿಲ್ಲ. ಆದರೆ ಪತಿವ್ರತೆಯ ಧರ್ಮ ಹೇಳೋ ಕಾವ್ಯದಲ್ಲೇ ‘ಕುವರಿಯಾದೊಡೆ ಕುಂದೇನು’ ಅಂತ ಕೇಳ್ತಾಳೆ. ಹೆಣ್ಣು ಹುಟ್ಟಿದ್ದಕ್ಕೆ ಮುಖ ಸಣ್ಣ ಮಾಡ್ಕೊಳ್ಳೋರು ಓದೋದು ಇಂಥ ಪುಸ್ತಕಾನೇ ಅಲ್ವಾ? ಅವರ ಮನೆಯೊಳಗೇ ಹೋಗಿ ಕೇಳಿದ ಪ್ರಶ್ನೆ ಅದು.

ಪ್ರಕಾಶ ಚಿಕ್ಕಪ್ಪ: ಇದು ಒಪ್ಪೋ ಮಾತು. ಆದರೂ ಆ ಕಾಲದ ದೊಡ್ಡ ಕಾವ್ಯ ಅಂದ್ರೆ ಷಡಕ್ಷರಿಯ ‘ರಾಜಶೇಖರ ವಿಳಾಸ’. ಗದ್ಯ ಪದ್ಯ ಬೆರೆಸಿ ಬರೆಯೋ ಚಂಪುವಿನ ಗಾಂಭೀರ್ಯ ಸಾಂಗತ್ಯಕ್ಕೆಲ್ಲಿ?

ಮೇಘಾ: ಷಡಕ್ಷರಿ ದೊಡ್ಡ ಕವಿ, ಇಲ್ಲ ಅನ್ನಲ್ಲ. ಆದರೆ ಚಂಪು ಬಿಡಿಸಿ ಹೇಳೋಕೆ ಪಂಡಿತರೇ ಬೇಕು. ಸಾಂಗತ್ಯ ಹಾಡಿದರೆ ಕೂತು ಕೇಳಿದವರಿಗೆಲ್ಲ ತಿಳಿಯುತ್ತೆ. 16ನೇ ಶತಮಾನದಲ್ಲಿ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನ ಸಾಂಗತ್ಯದಲ್ಲೇ ಬರೆದ. 1648ರಲ್ಲಿ ಗೋವಿಂದ ವೈದ್ಯ ‘ಕಂಠೀರವ ನರಸರಾಜ ವಿಜಯ’ಕ್ಕೂ ಅದನ್ನೇ ಹಿಡಿದ. ರಾಜನ ಕಥೆಗೆ ಸಾಕಾದ ಗಾಂಭೀರ್ಯ ಹೊನ್ನಮ್ಮನಿಗೆ ಸಾಲದಾ?

ಶೇಖರ ಮಾವ: ಸರಿ ಕಣಮ್ಮ. ಚಿತ್ರ ತೆಗೆದೆ. ಹೊನ್ನಮ್ಮನ ಹೆಸರು ಹಾಕಿ ನೀನೇ ಒಂದು ಮಾಡಿ ಕಳಿಸು, ನಮ್ಮ ಆಫೀಸ್ ಗುಂಪಿಗೂ ಹಾಕ್ತೀನಿ. ಅಲ್ಲೂ ತಪ್ಪೇ ಹೋಗಿದೆ.

ಅಜ್ಜಿ: ಮೇಘಾ, ಈ ಪದ್ಯ ನಾವು ಶಾಲೇಲಿ ರಾಗವಾಗಿ ಹಾಡ್ತಿದ್ವಿ. ಸಂಜೆ ಫೋನ್ ಮಾಡೇ, ಹಾಡ್ತೀನಿ. ರೆಕಾರ್ಡ್ ಮಾಡ್ಕೊ.