ಲೆಸ್ ಪಾಲ್, ಸ್ಟ್ರಾಟ್, ಪಿಆರ್‌ಎಸ್ ಮೂರೂ ನುಡಿಸಿ ನೋಡಿದೆ, ಈಗ ತಲೆ ಕೆಟ್ಟಿದೆ

ಆರನೇತಂತಿ:
ಎಲ್ಲರಿಗೂ ನಮಸ್ಕಾರ. ಇರೋದು ಸ್ಯಾನ್ ಹೊಸೆಯಲ್ಲಿ. ಮೂರು ವರ್ಷ ದುಡ್ಡು ಕೂಡಿಟ್ಟು ಈಗ ಒಂದು ದುಬಾರಿ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಲು ಹೊರಟಿದ್ದೇನೆ. ಇದೇ ಕೊನೆಯದು ಅಂತ ಮನೆಯಲ್ಲಿ ಮಾತು ಕೊಟ್ಟಾಗಿದೆ, ಹಾಗಾಗಿ ತಪ್ಪು ಮಾಡುವ ಹಾಗಿಲ್ಲ.

ಚಿಕ್ಕಂದಿನಲ್ಲಿ ಅಜ್ಜಿ ಹತ್ತಿರ ಐದು ವರ್ಷ ವೀಣೆ ಕಲಿತೆ. ಕಾಲೇಜಿಗೆ ಬಂದಮೇಲೆ ರಾಕ್. ಈಗ ಎರಡೂ ಕಲಸಿಕೊಂಡು ನುಡಿಸುತ್ತೇನೆ, ಸ್ವಲ್ಪ ಬ್ಲೂಸ್, ಸ್ವಲ್ಪ ಮೋಹನ, ಧೈರ್ಯ ಬಂದ ದಿನ ತೋಡಿ. ತಂತಿ ಎಳೆಯೋದು ಜಾಸ್ತಿ.

ಶನಿವಾರ ಅಂಗಡಿಯಲ್ಲಿ ಎರಡು ಗಂಟೆ ಕೂತು ಮೂರು ನುಡಿಸಿದೆ. ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್ 50ಸ್: ಮೊದಲ ಸ್ವರಕ್ಕೇ ಬಿದ್ದೆ, ದಪ್ಪ ನಾದ, ಬಿಟ್ಟರೂ ನಿಲ್ಲುತ್ತದೆ, ಆದರೆ ನೆಕ್ (ಎಡಗೈಲಿ ಹಿಡಿಯುವ ಕತ್ತು) ಒನಕೆ ಹಿಡಿದ ಹಾಗಿದೆ. ಫೆಂಡರ್ ಅಮೆರಿಕನ್ ಪ್ರೊಫೆಷನಲ್ 2 ಸ್ಟ್ರಾಟ್: ಗಂಟೆ ಬಾರಿಸಿದಷ್ಟು ಸ್ಪಷ್ಟ, ಕೈಗೂ ಮೈಗೂ ಹಿತ, ಆದರೆ ಗಾಂಧಾರ ಎಳೆಯುವಾಗ ಬೆರಳು ಸುಸ್ತು. ಮೂರನೆಯದು ಸೆಕೆಂಡ್ ಹ್ಯಾಂಡ್ ಪಿಆರ್‌ಎಸ್ ಕಸ್ಟಮ್ 24, ನುಡಿಸಲು ಮೂರರಲ್ಲೂ ಸಲೀಸು ಅದೇ, ಆದರೂ ಯಾಕೋ ನಾದಕ್ಕೆ ಮನಸ್ಸು ಕರಗಲಿಲ್ಲ.

ಒಂದು ವಿಚಿತ್ರ. ಕೆಳಗಿನ ತಂತಿಯನ್ನು ತಂಬೂರಿ ಥರ ಷಡ್ಜಕ್ಕೆ ಬಿಟ್ಟು ಮೇಲಿನ ತಂತಿ ಎಳೆದರೆ, ಸ್ಟ್ರಾಟ್ ಮತ್ತು ಪಿಆರ್‌ಎಸ್ ಎರಡರಲ್ಲೂ ಷಡ್ಜವೇ ಇಳಿದ ಹಾಗೆ ಕೇಳಿಸಿತು. ಲೆಸ್ ಪಾಲ್‌ನಲ್ಲಿ ಹಾಗಾಗಲಿಲ್ಲ. ನನ್ನ ಕಿವಿ ಕೆಟ್ಟಿದೆಯಾ?

ಬೆಸುಗೆ:
ಕಿವಿ ಸರಿ ಇದೆ ಸಾರ್, ಗಿಟಾರೂ ಸರಿ ಇದೆ. ಬೆಂಗಳೂರಲ್ಲಿ ಹದಿನಾಲ್ಕು ವರ್ಷದಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ, ನಮ್ಮ ಸಂಗೀತ ನುಡಿಸುವವರು ಬಂದರೆ ಮೊದಲು ಕೇಳೋದೇ ಇದನ್ನ.

ಸ್ಟ್ರಾಟ್, ಪಿಆರ್‌ಎಸ್ ಎರಡರಲ್ಲೂ ಬ್ರಿಡ್ಜ್, ಅಂದರೆ ತಂತಿಗಳು ಕೂರುವ ಕುದುರೆ, ಮೈಗೆ ಅಂಟಿ ಕೂತಿರುವುದಿಲ್ಲ. ಮೇಲೆ ಆರು ತಂತಿ ಒಂದು ಕಡೆ ಜಗ್ಗುತ್ತವೆ, ಹಿಂದುಗಡೆ ಸ್ಪ್ರಿಂಗ್‌ಗಳು ಇನ್ನೊಂದು ಕಡೆ ಜಗ್ಗುತ್ತವೆ, ನಡುವೆ ಬ್ರಿಡ್ಜ್ ತಕ್ಕಡಿ ಮುಳ್ಳಿನ ಥರ ನಿಂತಿರುತ್ತದೆ. ನೀವು ಒಂದು ತಂತಿ ಎಳೆದರೆ ಜಗ್ಗಾಟ ಜಾಸ್ತಿ ಆಗಿ ಬ್ರಿಡ್ಜ್ ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತದೆ, ಉಳಿದ ಐದೂ ಸಡಿಲ, ಷಡ್ಜ ಇಳಿಯಿತು. ವೀಣೆಯ ಕುದುರೆ ಹೀಗೆ ವಾಲುವುದಿಲ್ಲ, ಲೆಸ್ ಪಾಲ್‌ನ ಬ್ರಿಡ್ಜೂ ವಾಲುವುದಿಲ್ಲ. ಅಷ್ಟೇ ಅಲ್ಲ, ಎಳೆದ ತಂತಿಯೂ ಬ್ರಿಡ್ಜ್ ವಾಲಿದಷ್ಟು ಸಡಿಲ ಆಗುವುದರಿಂದ ಅದೇ ಸ್ವರ ಮುಟ್ಟಲು ಇನ್ನೂ ದೂರ ಎಳೆಯಬೇಕು. ನಿಮ್ಮ ಬೆರಳು ಸುಸ್ತಾಗಿದ್ದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ ತಂತಿಯ ಉದ್ದ. ಸ್ಟ್ರಾಟ್‌ನಲ್ಲಿ ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ಗೆ 25.5 ಇಂಚು, ಪಿಆರ್‌ಎಸ್ 25, ಲೆಸ್ ಪಾಲ್ 24.75. ಮುಕ್ಕಾಲು ಇಂಚು ಏನು ಮಹಾ ಅನ್ನಿಸುತ್ತದೆ, ಆದರೆ ಎಳೆತ ಉದ್ದದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದೇ 10ರ ಸೆಟ್ (ಅತಿ ತೆಳು ತಂತಿ 0.010 ಇಂಚು ದಪ್ಪ), ಅದೇ ಶ್ರುತಿ ಇಟ್ಟರೆ ಲೆಸ್ ಪಾಲ್‌ನಲ್ಲಿ ಬಿಗಿ ಸುಮಾರು ಶೇ. 6 ಕಮ್ಮಿ. ದಿನಾ ಒಂದು ಗಂಟೆ ಗಮಕ ಹಾಕುವ ಬೆರಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಸ್ಟ್ರಾಟೇ ಇಷ್ಟ ಅಂದರೆ ಬಿಡಬೇಡಿ. ಹಿಂದಿನ ಮುಚ್ಚಳ ತೆಗೆದು ಮೂರು ಸ್ಪ್ರಿಂಗ್ ಇರುವ ಕಡೆ ಐದು ಹಾಕಿಸಿ, ಆ ಎರಡು ಉದ್ದ ಸ್ಕ್ರೂ ಬಿಗಿ ಮಾಡಿಸಿ, ಬ್ರಿಡ್ಜ್ ಮೈಮೇಲೆ ಕೂರುತ್ತದೆ. ಅದೂ ಸಾಲದಿದ್ದರೆ ಒಳಗೆ ಒಂದು ಮರದ ತುಂಡು ಇಡಿಸಿದರೆ ಆಯಿತು. ಗಿಟಾರ್ ಬದಲಾಯಿಸೋ ಖರ್ಚು ಅಲ್ಲ ಇದು.

ಡಲ್ಲಾಸ್‌ದಾಸ:
ನನ್ನ ಹತ್ತಿರ ಎಂಟು ವರ್ಷದಿಂದ ಕಸ್ಟಮ್ 24 ಇದೆ, ಹಾಗಾಗಿ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಾದಕ್ಕೆ ಕರಗಲಿಲ್ಲ ಅಂದಿರಲ್ಲ, ನೆಕ್ ಪಿಕಪ್‌ನಲ್ಲಿ (ತಂತಿಯ ಅಲುಗಾಟ ಹಿಡಿಯುವ ಭಾಗಗಳಲ್ಲಿ ನೆಕ್ ಕಡೆಯದು) ನುಡಿಸಿದಿರಾ? 24 ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಹಿಡಿಸಬೇಕಾದರೆ ಆ ಪಿಕಪ್ ಬ್ರಿಡ್ಜ್ ಕಡೆ ಸರಿಯಲೇಬೇಕು, ಬೇರೆ ಜಾಗ ಇಲ್ಲ. 22 ಫ್ರೆಟ್‌ನ ಲೆಸ್ ಪಾಲ್‌ನಲ್ಲಿ ಸಿಗುವ ಆ ದುಂಡು, ಕೊಳಲಿನಂಥ ನಾದ ಅದಕ್ಕೇ ಇದರಲ್ಲಿ ಅಷ್ಟಾಗಿ ಬರೋದಿಲ್ಲ. ಸ್ಪಷ್ಟತೆ ಜಾಸ್ತಿ, ಗುಂಡಗಿರೋದು ಕಮ್ಮಿ. ಬ್ಯಾಂಡ್ ನಡುವೆ ಇದು ಲಾಭ, ಒಬ್ಬರೇ ಕೂತು ಆಲಾಪ ಮಾಡಿದರೆ ತೆಳು ಅನ್ನಿಸಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ ಅದೇ ಕಂಪನಿಯ ಮೆಕಾರ್ಟಿ 594 ಹುಡುಕುತ್ತಿದ್ದೆ. ಹೆಸರಲ್ಲೇ ತಂತಿಯ ಉದ್ದ ಇದೆ ನೋಡಿ, 24.594 ಇಂಚು. 22 ಫ್ರೆಟ್, ಅಲ್ಲಾಡದ ಬ್ರಿಡ್ಜ್. ಲೆಸ್ ಪಾಲ್ ಬೇಕು ಆದರೆ ಮೇಲಿನ ಫ್ರೆಟ್‌ಗಳಿಗೆ ಕೈ ಸುಲಭವಾಗಿ ಹೋಗಬೇಕು ಅನ್ನುವವರಿಗೆ ಹೇಳಿ ಮಾಡಿಸಿದ್ದು. ಹೊಸದಕ್ಕೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಸೆಕೆಂಡ್ ಹ್ಯಾಂಡ್ ನೋಡಿ.

ಮಲೆನಾಡ ಗುಬ್ಬಿ:
ಸುಮ್ನೆ ಒಂದು ಮಾತು. ಇಷ್ಟೆಲ್ಲ ದುಡ್ಡು ಯಾಕೆ? ನಾನು ಶಿವಮೊಗ್ಗದಲ್ಲಿ ಇಂಡೋನೇಷ್ಯಾದಲ್ಲಿ ಮಾಡಿದ, ಪಿಆರ್‌ಎಸ್‌ನ ಅಗ್ಗದ ಸಾಲಿನ ಎಸ್‌ಇ ಗಿಟಾರ್ ನುಡಿಸುತ್ತೇನೆ. ಗಣಪತಿ ಪೆಂಡಾಲ್‌ನಲ್ಲಿ ಯಾರೂ ಬಂದು ಇದು ಎಲ್ಲಿ ಮಾಡಿದ್ದು ಅಂತ ಕೇಳಿಲ್ಲ.

ಆದರೆ ಮರದ ವಿಷಯ ಯಾರೂ ಎತ್ತಲಿಲ್ಲವಲ್ಲ. ಆ ದುಬಾರಿ ಗಿಟಾರ್‌ಗಳ ಬೆರಳುಹಲಗೆಯಲ್ಲಿ ಇಂಡಿಯನ್ ರೋಸ್‌ವುಡ್ ಅಂತ ಬರೆದಿರುತ್ತದೆ, ಅದು ಬೇರೇನೂ ಅಲ್ಲ, ನಮ್ಮ ಬೀಟೆ. ನಮ್ಮ ಹಳೇ ಮನೆಯ ಮಂಚ ಬೀಟೆಯದು, ಎತ್ತಲು ನಾಲ್ಕು ಜನ ಬೇಕು. 2017ರಲ್ಲಿ ಅಪಾಯದಲ್ಲಿರುವ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದಲ್ಲಿ ಈ ಜಾತಿಯ ಮರಗಳನ್ನೆಲ್ಲ ಸೇರಿಸಿದಾಗ ಗಿಟಾರ್ ಗಡಿ ದಾಟಿಸಲೂ ಕಾಗದಪತ್ರ ಬೇಕಾಗಿ ಕಂಪನಿಗಳು ಬೇರೆ ಮರ ಹುಡುಕಿಕೊಂಡು ಓಡಿದವು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಷ್ಟು ಗಟ್ಟಿ ಮರ ಇದ್ದಮೇಲೆ ನಾದಕ್ಕೆ ಏನೂ ಕೊಡೋದಿಲ್ಲ ಅಂದರೆ ನಾನಂತೂ ನಂಬಲ್ಲ.

ಬೆಸುಗೆ:
ಗುಬ್ಬಿಯವರೇ, ಜಗಳ ಬೇಡ, ಆದರೂ ಹೇಳುತ್ತೇನೆ. ಪಿಕಪ್ ಅಯಸ್ಕಾಂತ ಮತ್ತು ತಂತಿಸುರುಳಿ. ಅದು ಹಿಡಿಯೋದು ಲೋಹದ ತಂತಿಯ ಅಲುಗಾಟ, ಮರಕ್ಕೆ ಅದರಲ್ಲಿ ನೇರ ಪಾತ್ರ ಇಲ್ಲ. ಆಂಪ್ (ಸದ್ದು ಜೋರು ಮಾಡುವ ಪೆಟ್ಟಿಗೆ) ಹಚ್ಚದೆ ಮೀಟಿದರೆ ಮರದ ವ್ಯತ್ಯಾಸ ಕೈಗೆ, ಎದೆಗೆ ಗೊತ್ತಾಗುತ್ತದೆ, ಒಪ್ಪುತ್ತೇನೆ. ಆಂಪ್ ಹಚ್ಚಿದಮೇಲೆ ಪಿಕಪ್ ಯಾವುದು, ಎಲ್ಲಿ ಕೂತಿದೆ, ತಂತಿಗೆ ಎಷ್ಟು ಹತ್ತಿರ ಇದೆ, ಇವೇ ಮೇಲುಗೈ. ನನ್ನ ಬೆಂಚಿನ ಅನುಭವ ಇದು.

ಆರನೇತಂತಿ ಅವರಿಗೆ ಒಂದು ಪ್ರಶ್ನೆ. ಮೂರನ್ನೂ ಒಂದೇ ಆಂಪ್‌ನಲ್ಲಿ, ಒಂದೇ ಗೇನ್ (ಆಂಪ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಗುಂಡಿ) ಇಟ್ಟು ನುಡಿಸಿದಿರಾ? ಲೆಸ್ ಪಾಲ್‌ನ ಎರಡು ಸುರುಳಿಯ ಪಿಕಪ್ (ಹಂಬಕರ್) ಸ್ಟ್ರಾಟ್‌ನ ಒಂದೇ ಸುರುಳಿಯ ಪಿಕಪ್‌ಗಿಂತ (ಸಿಂಗಲ್ ಕಾಯಿಲ್) ಜೋರು. ಗುಂಡಿ ಮುಟ್ಟದೆ ಗಿಟಾರ್ ಮಾತ್ರ ಬದಲಿಸಿದರೆ ಲೆಸ್ ಪಾಲ್ ಆಂಪನ್ನು ಜಾಸ್ತಿ ತಳ್ಳುತ್ತದೆ, ಸ್ವರ ಉದ್ದ ನಿಂತ ಹಾಗೆ ಕೇಳಿಸುತ್ತದೆ. ಅದರಲ್ಲಿ ಎಷ್ಟು ಗಿಟಾರಿನದು, ಎಷ್ಟು ಗೇನಿನದು ಅಂತ ನೋಡಬೇಕು. ಕಿವಿಗೆ ಮೂರೂ ಒಂದೇ ಜೋರು ಕೇಳುವ ಹಾಗೆ ಮಾಡಿಕೊಂಡು ಮತ್ತೆ ನುಡಿಸಿ.

ಇನ್ನೊಂದು, ಗಮಕ ಜಾಸ್ತಿ ಹಾಕುವವರ ಫ್ರೆಟ್ ಬೇಗ ಸವೆಯುತ್ತದೆ, ಅದೂ ಅದೇ ನಾಲ್ಕೈದು ಜಾಗದಲ್ಲಿ. ಸೆಕೆಂಡ್ ಹ್ಯಾಂಡ್ ತಗೊಂಡರೆ ಬೆಳಕಿಗೆ ಹಿಡಿದು ಫ್ರೆಟ್ ಮೇಲೆ ಗುಳಿ ಇದೆಯಾ ನೋಡಿ. ಮುಂದೆ ಯಾವತ್ತಾದರೂ ಫ್ರೆಟ್ ಬದಲಿಸುವ ದಿನ ಬಂದರೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ತಂತಿ ಬೆಣ್ಣೆ ಮೇಲೆ ಜಾರಿದ ಹಾಗೆ ಜಾರುತ್ತದೆ.

ಆರನೇತಂತಿ:
ಬೆಸುಗೆ ಅವರೇ, ಸಿಕ್ಕಿಬಿದ್ದೆ. ಗೇನ್ ಮುಟ್ಟೇ ಇರಲಿಲ್ಲ. ಈ ಶನಿವಾರ ಮತ್ತೆ ಹೋಗಿ ಮೂರನ್ನೂ ಒಂದೇ ಜೋರಿಗೆ ಇಟ್ಟು ನುಡಿಸಿದೆ. ಲೆಸ್ ಪಾಲ್ ಮತ್ತು ಸ್ಟ್ರಾಟ್ ನಡುವೆ ಸ್ವರ ನಿಲ್ಲುವುದರಲ್ಲಿ ನಾನು ಅಂದುಕೊಂಡಿದ್ದಕ್ಕಿಂತ ಅರ್ಧಕ್ಕರ್ಧ ಕಮ್ಮಿ ವ್ಯತ್ಯಾಸ! ಆದರೆ ನಾದದ ದಪ್ಪ ಮಾತ್ರ ಹಾಗೇ ಇತ್ತು, ಅದು ಗೇನ್ ಅಲ್ಲ. ಷಡ್ಜ ಅಲ್ಲಾಡದೆ ನಿಂತಿದ್ದೂ ಲೆಸ್ ಪಾಲ್‌ನಲ್ಲೇ.

ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ತಕ್ಕಡಿ ತಗೊಂಡು ಹೋಗಿದ್ದೆ, ಅಂಗಡಿ ಹುಡುಗ ನಕ್ಕ. 50ಸ್ ಲೆಸ್ ಪಾಲ್ 4.4 ಕೆಜಿ, ಪಕ್ಕದಲ್ಲಿದ್ದ 60ಸ್ 4.1. ನಾನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ನುಡಿಸೋದು, ಹಾಗಾಗಿ ಹೆಗಲಿನ ಚಿಂತೆ ಇಲ್ಲ, ತೊಡೆಯ ಚಿಂತೆ. ಅಂಗಡಿಯವರನ್ನು ಕೇಳಿ ನೆಲದಲ್ಲೇ ಕೂತೆ. 60ಸ್‌ನ ನೆಕ್ ತೆಳು, ಒನಕೆ ಅಲ್ಲ, ಕೂತಮೇಲೆ ಜಾರಲೂ ಇಲ್ಲ. ಮೋಹನದ ಗಾಂಧಾರ ಬೆರಳು ಇಟ್ಟಲ್ಲಿ ಬಂತು. ಮನೆಗೆ ತಂದಾಯಿತು. 594 ಹತ್ತಿರದಲ್ಲೆಲ್ಲೂ ಸಿಗಲಿಲ್ಲ ದಾಸರೇ, ಸಿಕ್ಕಿದ್ದರೆ ಮತ್ತೆ ತಲೆ ಕೆಡುತ್ತಿತ್ತು, ಬಿಡಿ.

ಈಗ 10ರ ತಂತಿ ಇದೆ. ಎಲ್ಲ ತಂತಿ ಒಂದು ಸ್ವರ ಇಳಿಸಿ, ಡಿ ಶ್ರುತಿಗೆ, 11 ಹಾಕಲಾ?

ಬೆಸುಗೆ:
ಹಾಕಿ. ಶ್ರುತಿ ಇಳಿಸಿದಮೇಲೆ 11 ಕೂಡ ಮೆತ್ತಗೇ ಇರುತ್ತದೆ. ಮೂರನೇ ತಂತಿ ಸುತ್ತಿಲ್ಲದ ಸಾದಾ ತಂತಿಯೇ ಇರಲಿ, ಸುತ್ತಿದ್ದು ಎಳೆಯಲು ಬರಲ್ಲ. ದಪ್ಪ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡು ಟಿಕ್ ಅಂತ ಸದ್ದು ಬಂದರೆ ಕಚ್ಚು ಚೂರು ಅಗಲ ಮಾಡಿಸಿ. ನೀವೇ ಅರ ಹಿಡಿಯಬೇಡಿ ದಯವಿಟ್ಟು. ಸದ್ಯಕ್ಕೆ ಪೆನ್ಸಿಲ್ ಸೀಸ ಉಜ್ಜಿ.