ಶಿರಸಿ: 14 ವರ್ಷದ ನಾಯಿ, ಇಂಜೆಕ್ಷನ್ ಕೊಡಿಸಿ (ದಯಾಮರಣ) ಕಳಿಸಿಕೊಡುವ ಹೊತ್ತು ಗೊತ್ತಾಗುವುದು ಹೇಗೆ?

ಪ್ರಶ್ನೆ: ಹಿಂಗಾಲಲ್ಲಿ ಬಲವಿಲ್ಲ, ಮಲಗಿದಲ್ಲೇ ಉಚ್ಚೆ. ಅನ್ನ ಅರ್ಧ ಬಿಡುತ್ತದೆ. ಕರೆದರೆ ಬಾಲ ಮಾತ್ರ ಅಲ್ಲಾಡಿಸುತ್ತದೆ. ಇನ್ನೂ ಕಾಯಬೇಕಾ?

ಉತ್ತರ 1: ಬಾಲ ಒಂದನ್ನೇ ನಂಬಬೇಡಿ, ನೋವಿದ್ದರೂ ಆಡಿಸುತ್ತವೆ. ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರ ಅಳತೆ ಬಳಸಿ: ನೋವು-ಉಸಿರಾಟ, ಊಟ, ನೀರು, ಸ್ವಚ್ಛತೆ, ಖುಷಿ, ಓಡಾಟ, ಒಳ್ಳೆ ದಿನಗಳೇ ಹೆಚ್ಚಿವೆಯಾ ಎಂಬುದು. ಏಳಕ್ಕೂ 0ರಿಂದ 10 ಅಂಕ, ಚೆನ್ನಾಗಿದ್ದರೆ 10. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ನಿದ್ದೆಯಲ್ಲೂ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾದರೆ ಅಂಕ ಕೂಡಿಸುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಉತ್ತರ 2: ಮೊದಲು ನೋವಿಗೆ ಔಷಧಿ ಕೊಡಿಸಿ. ಗಂಟುನೋವು ಇಳಿದರೆ ಎಷ್ಟೋ ನಾಯಿಗಳು ಮತ್ತೆ ಏಳುತ್ತವೆ. ಮನೆಯಲ್ಲಿರುವ ಐಬುಪ್ರೊಫೇನ್ ಬೇಡವೇ ಬೇಡ, ಹೊಟ್ಟೆ ಹುಣ್ಣಾಗಿ ಕಿಡ್ನಿ ಕೆಡುತ್ತದೆ. ಜಾರುವ ನೆಲಕ್ಕೆ ಗೋಣಿಚೀಲ ಹಾಸಿ.

ಪ್ರಶ್ನೆ ಕೇಳಿದವರು: ಕೊನೆಯ ಇಂಜೆಕ್ಷನ್ ನೋವಾಗುತ್ತಾ?

ಉತ್ತರ 3: ಮೊದಲು ಮಂಪರು ಬರಿಸಲು ಕೇಳಿಕೊಳ್ಳಿ. ಆಮೇಲೆ ಅರಿವಳಿಕೆ ಔಷಧಿಯನ್ನೇ ಅತಿಯಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಏದುಸಿರು ಬರಬಹುದು. ಅದು ನೋವಲ್ಲ, ಗಾಬರಿಯಾಗಬೇಡಿ. ಹೂಳುವ ಗುಂಡಿ ಬಾವಿಯಿಂದ ದೂರ, ಎತ್ತರದಲ್ಲಿ, 4 ಅಡಿ ಆಳ ಇರಲಿ. ಮಳೆಗಾಲದಲ್ಲಿ ಅಡಿಕೆ ತೋಟದ ತಗ್ಗಲ್ಲಿ ಅಗೆದರೆ ನೀರೇ ಬರುತ್ತದೆ. ನರಿ ಎಳೆದು ತಿಂದರೆ ಆ ಔಷಧಿ ಅದಕ್ಕೂ ವಿಷ.