ನೂರಾರು ಪೇಪರ್ ಬರೆದ ಡಾಕ್ಟರ್: ಆ ಪಟ್ಟಿ ನಮಗೆ ಏನು ಹೇಳುತ್ತದೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಸಿಯಾಟಲ್ ಹತ್ತಿರ ಇದ್ದೇವೆ. ನಮ್ಮ ಭಾವನಿಗೆ ಎಎಂಎಲ್, ರಕ್ತದ ಕ್ಯಾನ್ಸರ್. ಕೀಮೋ ಆಗಿದೆ. ಈಗ ಅವರ ತಂಗಿಯ ಸ್ಟೆಮ್ ಸೆಲ್ (ಮೂಳೆ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಣ) ತೆಗೆದು ಟ್ರಾನ್ಸ್‌ಪ್ಲಾಂಟ್ ಮಾಡುತ್ತಾರಂತೆ. ಟೀಮಿನಲ್ಲಿ ಸೋಂಕು ನೋಡಿಕೊಳ್ಳಲು ಅಂತಲೇ ಬೇರೆ ಡಾಕ್ಟರ್ ಇದ್ದಾರೆ. ಅವರ ಹೆಸರನ್ನು ವೈದ್ಯಕೀಯ ಸಂಶೋಧನಾ ಪೇಪರ್‌ಗಳನ್ನು ಹುಡುಕುವ ವೆಬ್‌ಸೈಟ್ ಪಬ್‌ಮೆಡ್‌ನಲ್ಲಿ ಹುಡುಕಿದೆ. ನೂರಾರು ಪೇಪರ್ ಬಂದವು, ಅದರಲ್ಲಿ ಸಿಎಂವಿ ಅನ್ನೋ ವೈರಸ್ ಬಗ್ಗೆಯೇ ಜಾಸ್ತಿ. ಇಷ್ಟು ಬರೆಯುವವರು ಪೇಷಂಟ್ ನೋಡುವುದು ಯಾವಾಗ ಅಂತ ಅಕ್ಕ ಕೇಳುತ್ತಿದ್ದಾಳೆ. ನನಗೇನೋ ಇದು ಒಳ್ಳೆಯದೇ ಅನ್ನಿಸುತ್ತದೆ. ಪಟ್ಟಿ ನೋಡಿ ಏನಾದರೂ ತಿಳಿದುಕೊಳ್ಳಬಹುದಾ?

ಉತ್ತರ: ನಮಸ್ಕಾರ. ಖಂಡಿತ ತಿಳಿದುಕೊಳ್ಳಬಹುದು. ಆದರೆ ಎಷ್ಟು ಪೇಪರ್ ಅಂತ ಎಣಿಸಬೇಡಿ. ಒಂದೇ ಪ್ರಶ್ನೆಯ ಹಿಂದೆ ಆ ಡಾಕ್ಟರ್ ಎಷ್ಟು ವರ್ಷ ಬಿದ್ದಿದ್ದಾರೆ, ತಮ್ಮದೇ ಹಳೆಯ ಮಾತು ಸರಿಯಿಲ್ಲ ಅಂತ ಕಂಡಾಗ ಅದನ್ನೂ ಬರೆದಿದ್ದಾರಾ ಅಂತ ನೋಡಿ. ನಾನು ಮೊದಲು ನೋಡುವುದು ಇದನ್ನೇ.

ಸೋಂಕಿಗೆ ಬೇರೆ ಡಾಕ್ಟರ್ ಯಾಕೆ ಅಂತ ಮೊದಲು ಹೇಳುತ್ತೇನೆ. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ಕೊಡುವ ಔಷಧಿಯಿಂದ ಹಳೆಯ ಮೂಳೆ ಮಜ್ಜೆ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಹೊಸ ಸೆಲ್ ಬೇರು ಬಿಟ್ಟು ರಕ್ತಕಣಗಳ ಕೌಂಟ್ ಏರಲು ಎರಡು ಮೂರು ವಾರ ಬೇಕು. ಕೌಂಟ್ ಬಂದಮೇಲೂ ವೈರಸ್ ಜೊತೆ ಹೋರಾಡುವ ಟಿ ಸೆಲ್‌ಗಳು ಪೂರ್ತಿ ಸಜ್ಜಾಗಲು ತಿಂಗಳುಗಳೇ ಹಿಡಿಯುತ್ತವೆ. ಕೆಲವರಿಗೆ ವರ್ಷ ದಾಟುತ್ತದೆ. ಮೊದಲ ವಾರಗಳಲ್ಲಿ ಬ್ಯಾಕ್ಟೀರಿಯಾ, ಫಂಗಸ್ ಭಯ. ಅದಾದಮೇಲೆ ಸಿಎಂವಿ ಭಯ. ಸಿಎಂವಿ ಅಂದರೆ ಸೈಟೋಮೆಗಲೋವೈರಸ್. ತುಂಬಾ ಜನರ ಮೈಯಲ್ಲಿ ಇದು ಚಿಕ್ಕಂದಿನಿಂದಲೇ ಸುಮ್ಮನೆ ಮಲಗಿರುತ್ತದೆ. ಕಾವಲು ಇಲ್ಲದಾಗ ಏಳುತ್ತದೆ.

ನೀವು ಸಿಯಾಟಲ್‌ನಲ್ಲೇ ಇರುವುದರಿಂದ ಆ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಮೂಳೆ ಮಜ್ಜೆಯ ಟ್ರಾನ್ಸ್‌ಪ್ಲಾಂಟ್‌ಗೆ ದಾರಿ ಹಾಕಿದ ಡೊನಾಲ್ ಥಾಮಸ್ ಮೊದಲ ಪೇಪರ್ ಬರೆದದ್ದು 1957ರಲ್ಲಿ. ಆಗ ಅವರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿದ್ದರು. ಆ ಪೇಪರಿನ ರೋಗಿಗಳಲ್ಲಿ ಯಾರೂ ಹೆಚ್ಚು ದಿನ ಬದುಕಲಿಲ್ಲ. ಆಮೇಲೆ ಸಿಯಾಟಲ್‌ಗೆ ಬಂದರು. 1975ರಲ್ಲಿ ಅಲ್ಲಿ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರ ಶುರುವಾಯಿತು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆ ವರ್ಷಗಳಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಹೋದರೂ ಸೋಂಕಿನಿಂದ ಜನ ಸಾಯುತ್ತಿದ್ದರು. ಆ ಸಮಸ್ಯೆ ಹಿಡಿದು ಕೂತವರು ಅದೇ ಕೇಂದ್ರದ ಜೋಯಲ್ ಮೇಯರ್ಸ್, ಅವರ ನಂತರ ರಾಲಿ ಬೌಡೆನ್, ಮೈಕಲ್ ಬೋಕ್ ಮುಂತಾದವರು. ಇವರ ಪೇಪರ್‌ಗಳನ್ನು ವರ್ಷದ ಕ್ರಮದಲ್ಲಿ ಓದಿದರೆ ಸಿಎಂವಿಯ ಕತೆಯೇ ಸಿಗುತ್ತದೆ.

1980ರ ದಶಕದಲ್ಲಿ ಸಿಎಂವಿ ನ್ಯುಮೋನಿಯಾ ಬಂದರೆ ಬದುಕುವವರು ಬಹಳ ಕಡಿಮೆ. ಗ್ಯಾನ್‌ಸೈಕ್ಲೋವಿರ್ ಅನ್ನೋ ಹೊಸ ಔಷಧಿ ಕೊಟ್ಟು ನೋಡಿದರು. ಶ್ವಾಸಕೋಶದಲ್ಲಿ ವೈರಸ್ ಕಡಿಮೆಯಾಯಿತು, ಆದರೆ ಹೆಚ್ಚಿನ ರೋಗಿಗಳು ಉಳಿಯಲಿಲ್ಲ. ಇದನ್ನೂ ಅವರು 1985ರಲ್ಲಿ ಬರೆದು ಹಾಕಿದರು. 1988ರಲ್ಲಿ ಅದರ ಜೊತೆ ಇಮ್ಯುನೋಗ್ಲೋಬುಲಿನ್ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ) ಸೇರಿಸಿ ಕೊಟ್ಟಾಗ 25 ಜನರಲ್ಲಿ 13 ಜನ ಪಾರಾದರು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ.

ಅಷ್ಟರಲ್ಲಿ ಅವರಿಗೆ ಒಂದು ವಿಷಯ ಹೊಳೆದಿತ್ತು. ಕಾಯಿಲೆ ಬಂದಮೇಲೆ ಔಷಧಿ ಕೊಟ್ಟರೆ ತಡ ಆಗುತ್ತದೆ. ಹಾಗಾಗಿ ಗಂಟಲು, ಮೂತ್ರ, ರಕ್ತ ಪರೀಕ್ಷೆ ಮಾಡುತ್ತಾ, ವೈರಸ್ ಕಂಡ ತಕ್ಷಣ, ಕಾಯಿಲೆಯ ಲಕ್ಷಣ ಇಲ್ಲದಿದ್ದರೂ ಔಷಧಿ ಶುರು ಮಾಡಿದರು. 1991ರ ಈ ಪೇಪರಿನ ಲೆಕ್ಕ ನೋಡಿ: ಔಷಧಿ ಸಿಕ್ಕ 37 ಜನರಲ್ಲಿ ಒಬ್ಬರಿಗೆ ಸಿಎಂವಿ ಕಾಯಿಲೆ, ಬರೀ ಪ್ಲಾಸಿಬೊ (ಔಷಧಿಯಿಲ್ಲದ ಹುಸಿ ಮದ್ದು) ಸಿಕ್ಕ 35 ಜನರಲ್ಲಿ 15 ಜನರಿಗೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಪೇಪರ್ ಇಲ್ಲ. ಇವತ್ತು ನಿಮ್ಮ ಭಾವನ ರಕ್ತವನ್ನು ವಾರವಾರ ಸಿಎಂವಿ ಪಿಸಿಆರ್‌ಗೆ, ಅಂದರೆ ವೈರಸ್ ಇದೆಯಾ ಅಂತ ನೋಡುವ ಪರೀಕ್ಷೆಗೆ, ಕಳಿಸುವುದರ ಹಿಂದೆ ಇರುವುದು ಇದೇ ಯೋಚನೆ.

ಹಾಗಿದ್ದರೆ ಎಲ್ಲರಿಗೂ ಮೊದಲೇ ಕೊಟ್ಟುಬಿಡಬಹುದಲ್ಲ ಅನ್ನಿಸುತ್ತದೆ ಅಲ್ವಾ? ಅವರಿಗೂ ಅನ್ನಿಸಿತು. 1993ರಲ್ಲಿ ಹಾಗೇ ಮಾಡಿ ನೋಡಿದರು. ಸಿಎಂವಿ ತಗ್ಗಿತು. ಆದರೆ ಗ್ಯಾನ್‌ಸೈಕ್ಲೋವಿರ್ ಮಜ್ಜೆಯನ್ನು ಹೊಡೆಯುತ್ತದೆ, ಆಗತಾನೆ ಏರಿದ ಕೌಂಟ್ ಮತ್ತೆ ಬೀಳುತ್ತದೆ. ಬದುಕಿದವರ ಸಂಖ್ಯೆಯೇನೂ ಹೆಚ್ಚಲಿಲ್ಲ. 1996ರಲ್ಲಿ ಬೋಕ್ ಎರಡೂ ದಾರಿಗಳನ್ನು ನೇರವಾಗಿ ಹೋಲಿಸಿದರು. ಒಂದು ಗುಂಪಿಗೆ ಕೌಂಟ್ ಬಂದಕೂಡಲೇ ಔಷಧಿ, ಇನ್ನೊಂದಕ್ಕೆ ರಕ್ತದಲ್ಲಿ ವೈರಸ್‌ನ ಗುರುತು ಕಂಡಾಗ ಮಾತ್ರ. ಮೊದಲ ನೂರು ದಿನಗಳಲ್ಲಿ ಸಿಎಂವಿ ಕಡಿಮೆ ಇದ್ದದ್ದು ಮೊದಲ ಗುಂಪಿನಲ್ಲೇ. ಆದರೆ ಅದೇ ಗುಂಪಿನಲ್ಲಿ ಫಂಗಸ್ ಸೋಂಕು ಜಾಸ್ತಿ. ಬದುಕಿದವರ ಲೆಕ್ಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಒಂದು ಸೋಂಕನ್ನು ತಡೆಯಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆದ ಹಾಗಾಗಿತ್ತು.

1988ರ ಇಮ್ಯುನೋಗ್ಲೋಬುಲಿನ್ ಕತೆ ಏನಾಯಿತು? 2015ರಲ್ಲಿ ಅದೇ ಸಿಯಾಟಲ್ ಗುಂಪು ತಮ್ಮಲ್ಲಿನ 421 ಸಿಎಂವಿ ನ್ಯುಮೋನಿಯಾ ಕೇಸುಗಳನ್ನು ಒಟ್ಟಿಗೆ ಹಾಕಿ ನೋಡಿತು. ಆಂಟಿವೈರಲ್ ಔಷಧಿಯಿಂದ ಸಾವು ಕಡಿಮೆಯಾಗಿತ್ತು. ಇಮ್ಯುನೋಗ್ಲೋಬುಲಿನ್ ಸೇರಿಸಿದ್ದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ತಮ್ಮ ಕೇಂದ್ರಕ್ಕೆ ಹೆಸರು ತಂದ ಮಾತನ್ನು ತಾವೇ ಮತ್ತೆ ಪರೀಕ್ಷೆಗೆ ಇಟ್ಟು, ಬಂದದ್ದನ್ನು ಹಾಗೇ ಬರೆದರು. ಇಂಥವರ ಪಟ್ಟಿಯನ್ನು ನಾನು ನಂಬುತ್ತೇನೆ.

ಅಕ್ಕನ ಅನುಮಾನಕ್ಕೆ ಬರುತ್ತೇನೆ. ಈ ಕ್ಷೇತ್ರದಲ್ಲಿ ಪೇಪರ್ ಹುಟ್ಟುವುದೇ ವಾರ್ಡಿನಲ್ಲಿ. ಒಂದು ಪೇಪರಿನಲ್ಲಿ ಹತ್ತು ಹದಿನೈದು ಹೆಸರು ಇರುತ್ತವೆ, ಎಲ್ಲವನ್ನೂ ಒಬ್ಬರೇ ಕೂತು ಬರೆಯುವುದಿಲ್ಲ. ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯ ಹೆಸರು ಗುಂಪನ್ನು ನಡೆಸಿದವರದು. 1996ರ ಪೇಪರಿನಲ್ಲಿ ಬೋಕ್ ಮೊದಲ ಹೆಸರು, ಬೌಡೆನ್ ಕೊನೆಯದು. 2015ರ ಪೇಪರಿನಲ್ಲಿ ಬೋಕ್ ಕೊನೆಯ ಹೆಸರು. ಅಂದರೆ ಆ ಹೊತ್ತಿಗೆ ಅವರು ಕಿರಿಯರನ್ನು ಬೆಳೆಸುವ ಜಾಗಕ್ಕೆ ಬಂದಿದ್ದರು. ನಿಮ್ಮ ಡಾಕ್ಟರ ಪಟ್ಟಿಯಲ್ಲೂ ಹೀಗೆ ನೋಡಿ. ಬರೀ ನಡುವಿನ ಹೆಸರಾಗಿದ್ದರೆ ಅದರ ತೂಕ ಬೇರೆ. ಇನ್ನೊಂದು ಮಾತು, ಒಂದೇ ಹೆಸರಿನವರು ಹಲವರು ಇರುತ್ತಾರೆ. ಊರು, ಸಂಸ್ಥೆ ಹೊಂದುತ್ತದಾ ಅಂತ ನೋಡಿಯೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅದೇ ಓದುಗರ ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಅಕ್ಕನಿಗೂ ಓದಿ ಹೇಳಿದೆ. ಇನ್ನೊಂದು ಕೇಳಲಾ? ಕೆಲವು ಪೇಪರಿನ ಕೊನೆಯಲ್ಲಿ ಔಷಧಿ ಕಂಪನಿಗಳಿಂದ ಹಣ ಪಡೆದಿದ್ದೇವೆ ಅಂತ ಬರೆದಿದೆ. ಅದನ್ನು ನೋಡಿ ಹೆದರಿಕೆ ಆಯಿತು. ಭಾವನಿಗೆ ಲೆಟರ್ಮೋವಿರ್ ಅನ್ನೋ ಮಾತ್ರೆ ಕೊಡುತ್ತಾರಂತೆ, ಅದೂ ಕಂಪನಿ ಮಾಡಿಸಿದ ಸ್ಟಡಿಯಂತೆ.

ಉತ್ತರ: ಅದನ್ನು ಬರೆದಿರುವುದು ನಿಯಮ, ಬಚ್ಚಿಟ್ಟರೆ ತಪ್ಪು. ಹೊಸ ಔಷಧಿಯ ದೊಡ್ಡ ಪ್ರಯೋಗಗಳನ್ನು ಹೆಚ್ಚಾಗಿ ಕಂಪನಿಗಳೇ ನಡೆಸುತ್ತವೆ. ಹಾಗಾಗಿ ಹಣ ಯಾರದು ಅಂತ ನೋಡಿದ ಮೇಲೆ ಮುಂದೆಯೂ ಓದಿ. ಹೋಲಿಸಲು ಇನ್ನೊಂದು ಗುಂಪು ಇತ್ತಾ? ಯಾರಿಗೆ ಯಾವ ಮಾತ್ರೆ ಅಂತ ಡಾಕ್ಟರಿಗೂ ಗೊತ್ತಿರದ ಹಾಗೆ ಮಾಡಿದ್ದರಾ? ಏನನ್ನು ಅಳೆಯುತ್ತೇವೆ ಅಂತ ಮೊದಲೇ ನೋಂದಾಯಿಸಿದ್ದರಾ? ಅಮೆರಿಕದಲ್ಲಿ ಅದಕ್ಕೆ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಅನ್ನೋ ವೆಬ್‌ಸೈಟ್ ಇದೆ, ನಮ್ಮ ದೇಶದಲ್ಲಿ ಸಿಟಿಆರ್‌ಐ ಇದೆ. ಯಾರು ಬೇಕಾದರೂ ತೆರೆದು ನೋಡಬಹುದು.

ಲೆಟರ್ಮೋವಿರ್ ಪೇಪರ್ 2017ರದು. 24 ವಾರಗಳ ಹೊತ್ತಿಗೆ ಚಿಕಿತ್ಸೆ ಬೇಕಾಗುವಷ್ಟು ಸಿಎಂವಿ ಎದ್ದದ್ದು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 37.5, ಪ್ಲಾಸಿಬೊದವರಲ್ಲಿ ಶೇ. 60.6. ಮಧ್ಯದಲ್ಲಿ ಬಿಟ್ಟುಹೋದವರನ್ನೂ ಸೋತವರ ಲೆಕ್ಕಕ್ಕೇ ಸೇರಿಸಿದ ಬಿಗಿಯಾದ ಅಳತೆ ಅದು. ಇದು ಗ್ಯಾನ್‌ಸೈಕ್ಲೋವಿರ್ ಹಾಗೆ ಮಜ್ಜೆಯನ್ನು ಹೊಡೆಯುವುದಿಲ್ಲ. 1993ರಲ್ಲಿ ಕಂಡ ತೊಂದರೆಗೆ ಕೊನೆಗೂ ಒಂದು ದಾರಿ ಸಿಕ್ಕಿತು. ಒಂದು ಎಚ್ಚರಿಕೆ: ಲೆಟರ್ಮೋವಿರ್ ಸರ್ಪಸುತ್ತಿನ ವೈರಸ್ಸನ್ನು ತಡೆಯುವುದಿಲ್ಲ. ಅದಕ್ಕೆ ಕೊಡುವ ಎಸೈಕ್ಲೋವಿರ್ ಮಾತ್ರೆಯನ್ನು ಎರಡೂ ಒಂದೇ ಅಂದುಕೊಂಡು ನಿಲ್ಲಿಸಬೇಡಿ.

ಕಂಪನಿಯ ಔಷಧಿ ಸೋತಾಗಲೂ ಬರೆದಿದ್ದಾರಾ ಅಂತಲೂ ನೋಡಿ. ಮಾರಿಬವಿರ್ ಅನ್ನೋ ಔಷಧಿ ಸಿಎಂವಿ ತಡೆಯುವುದರಲ್ಲಿ ಸೋತಿತು ಅಂತ 2011ರಲ್ಲಿ ಪ್ರಕಟವಾಯಿತು. ಅದರಲ್ಲೂ ಕೊನೆಯ ಹೆಸರು ಬೋಕ್ ಅವರದೇ. ಅಲ್ಲಿ ಡೋಸ್ ಕಡಿಮೆ ಇತ್ತು. ಮುಂದೆ ಜಾಸ್ತಿ ಡೋಸ್‌ನಲ್ಲಿ, ಬೇರೆ ಔಷಧಿಗೆ ಬಗ್ಗದ ಸಿಎಂವಿಗೆ ಅಂತ ಪರೀಕ್ಷಿಸಿದಾಗ ಅದು ಗೆದ್ದಿತು. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸೋಲನ್ನು ಬರೆಯದೇ ಇದ್ದಿದ್ದರೆ ಡೋಸ್ ಬಗ್ಗೆ ಯೋಚಿಸಲು ಬೇರೆಯವರಿಗೆ ಆಧಾರವೇ ಇರುತ್ತಿರಲಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ, ದಾವಣಗೆರೆಯಿಂದ: ಸರ್, ನಮ್ಮ ಮಗಳಿಗೆ ಥಲಸೇಮಿಯಾ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ, ಟ್ರಾನ್ಸ್‌ಪ್ಲಾಂಟ್ ಮಾಡಿಸಬೇಕು ಅಂದಿದ್ದಾರೆ. ನಾವು ನೋಡಿಬಂದ ಡಾಕ್ಟರ ಹೆಸರಲ್ಲಿ ಐದಾರು ಪೇಪರ್ ಅಷ್ಟೇ ಇದೆ. ಬೇರೆ ಕಡೆ ಹೋಗಬೇಕಾ?

ಉತ್ತರ: ಅದೊಂದೇ ಕಾರಣಕ್ಕೆ ಬೇಡ. ಪೇಪರ್ ಕಡಿಮೆ ಇದ್ದರೂ ಕೈ ಚೆನ್ನಾಗಿರುವ ಡಾಕ್ಟರನ್ನು ನಾನು ಬಲ್ಲೆ. ನಮ್ಮ ದೇಶದಲ್ಲಿ ಮೂಳೆ ಮಜ್ಜೆಯ ಟ್ರಾನ್ಸ್‌ಪ್ಲಾಂಟ್ ಶುರುವಾದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1986ರಲ್ಲಿ. ವೆಲ್ಲೂರಿನವರು ಥಲಸೇಮಿಯಾ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಬರೆದದ್ದನ್ನು ಹೊರದೇಶದವರೂ ಓದುತ್ತಾರೆ. ಯಾವ ಮಕ್ಕಳಿಗೆ ಅಪಾಯ ಹೆಚ್ಚು ಅಂತ ವಯಸ್ಸು ಮತ್ತು ಲಿವರ್ ಗಾತ್ರ ನೋಡಿ ಗುರುತಿಸುವ 2007ರ ಪೇಪರ್ ಅವರದೇ. ನಿಮ್ಮ ಡಾಕ್ಟರ್ ಇಂಥದ್ದನ್ನು ಓದಿ ಅನುಸರಿಸುತ್ತಾರಾ ಅನ್ನುವುದು, ಅವರೇ ಬರೆದಿದ್ದಾರಾ ಅನ್ನುವುದಕ್ಕಿಂತ ನಿಮಗೆ ಮುಖ್ಯ.

ನೀವು ನೇರವಾಗಿ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಬಾರದು. ವರ್ಷಕ್ಕೆ ಎಷ್ಟು ಥಲಸೇಮಿಯಾ ಮಕ್ಕಳಿಗೆ ಟ್ರಾನ್ಸ್‌ಪ್ಲಾಂಟ್ ಮಾಡುತ್ತೀರಿ? ಅದರಲ್ಲಿ ಸೋಂಕಿನಿಂದ ತೀರಿಕೊಂಡವರು ಎಷ್ಟು? ಸಿಎಂವಿ ಪಿಸಿಆರ್ ಎಷ್ಟು ದಿನಕ್ಕೊಮ್ಮೆ, ರಿಪೋರ್ಟ್ ಬರಲು ಎಷ್ಟು ದಿನ? ನಮ್ಮಲ್ಲಿ ಬಹುತೇಕ ಎಲ್ಲರಲ್ಲೂ ಸಿಎಂವಿ ಮೊದಲೇ ಇರುತ್ತದೆ, ಹಾಗಾಗಿ ರಿಪೋರ್ಟ್ ತಡವಾದರೆ ಕಷ್ಟ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ಆಸ್ಪತ್ರೆಗಳಲ್ಲಿ ಜಾಸ್ತಿ. ಅದಕ್ಕೆ ಏನು ತಯಾರಿ ಇದೆ, ರಾತ್ರಿ ಜ್ವರ ಬಂದರೆ ಮೊದಲ ಆಂಟಿಬಯೋಟಿಕ್ ಎಷ್ಟು ಹೊತ್ತಿನಲ್ಲಿ ಶುರುವಾಗುತ್ತದೆ ಅಂತಲೂ ಕೇಳಿ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ. ಅವರು ಕೊಟ್ಟ ಉತ್ತರಗಳನ್ನು ಇಲ್ಲೇ ಬರೆಯಿರಿ, ಒಟ್ಟಿಗೆ ನೋಡೋಣ. ಮಗಳ ಹೆಸರು, ರಿಪೋರ್ಟ್ ಫೋಟೊ ಮಾತ್ರ ಗುಂಪಿನಲ್ಲಿ ಹಾಕಬೇಡಿ.